ದುಡುಕು ಎಂಬ ಒಂದೇ ಪದ, ಮಿದುಳಿನಲ್ಲಿ ಹಲವು ದಾರಿ

ಮೂರು ಜನರನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವರಿಗೂ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇದೆ, ಮೂವರೂ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಮೊದಲನೆಯವನು ಎದುರಿನವರು ಪ್ರಶ್ನೆ ಮುಗಿಸುವ ಮುಂಚೆಯೇ ಉತ್ತರ ಕೊಟ್ಟುಬಿಡುತ್ತಾನೆ. ರಸ್ತೆಗೆ ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ವಾಹನ ಬರುತ್ತಿದೆಯೇ ಎಂದು ನೋಡುತ್ತಾನೆ. ಎರಡನೆಯವಳು ತಿಂಗಳ ಖರ್ಚಿನ ಹಣವನ್ನು ಎರಡೇ ದಿನದಲ್ಲಿ ಮುಗಿಸಿ ಉಳಿದ 28 ದಿನ ಕೈಸಾಲಕ್ಕೆ ಅಲೆಯುತ್ತಾಳೆ. ಮೂರನೆಯವನು ದಿನವಿಡೀ ತೆಪ್ಪಗಿರುತ್ತಾನೆ, ಆದರೆ ಯಾರೋ ತನ್ನನ್ನು ಆಡಿಕೊಂಡರು ಅನ್ನಿಸಿದ ಕ್ಷಣ ಕೈಯಲ್ಲಿರುವ ಲೋಟ ಗೋಡೆಗೆ ಹೋಗಿ ಬೀಳುತ್ತದೆ. ಮೂವರ ಕೇಸ್ ಶೀಟಿನಲ್ಲೂ ಬರೆದಿರುವುದು ಒಂದೇ ಮಾತು: ದುಡುಕು ಸ್ವಭಾವ.

ಈ ಒಂದು ಪದ ನಮ್ಮನ್ನು ಬಹಳ ದಾರಿ ತಪ್ಪಿಸಿದೆ. ಒಂದೇ ಹೆಸರು ಇದೆ ಎಂದ ಮೇಲೆ ಮಿದುಳಿನಲ್ಲಿ ಅದಕ್ಕೊಂದು ಜಾಗವೂ ಇರಬೇಕು, ಆ ಜಾಗ ಕೆಟ್ಟಿರಬೇಕು ಎಂದು ಹುಡುಕಾಟ ನಡೆಯಿತು. ಹುಡುಕಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ ಸಿಕ್ಕಿತು. ಯಾಕೆ ಹಾಗಾಯಿತು ಎಂಬುದೇ ಇವತ್ತಿನ ನನ್ನ ವಿಷಯ.

ಹೆಸರಿನ ಮಾತು ಬಂದಿದ್ದರಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಬಿರುಕು ಬಿಟ್ಟ ಮನಸ್ಸು ಎಂಬ ಅರ್ಥ. ಕನ್ನಡದಲ್ಲಿ ಇಚ್ಚಿತ್ತ ವಿಕಲತೆ ಎಂದೆವು, ಎರಡು ಚಿತ್ತ ಎಂಬಂತೆ. ಇದರಿಂದಾಗಿ ಒಬ್ಬರೊಳಗೆ ಇಬ್ಬರಿರುತ್ತಾರೆ, ಯಾವಾಗ ಯಾರು ಎದ್ದು ಬರುತ್ತಾರೋ ಗೊತ್ತಿಲ್ಲ ಎಂಬ ಸಿನಿಮೀಯ ಕಲ್ಪನೆ ಜನರಲ್ಲಿ ಗಟ್ಟಿಯಾಗಿದೆ. ಬ್ಲಾಯ್ಲರ್ ಹೇಳಿದ್ದು ಯೋಚನೆ, ಭಾವನೆ, ಇಚ್ಛೆ ಇವುಗಳ ನಡುವಿನ ಹೊಂದಾಣಿಕೆ ಸಡಿಲವಾಗುವುದರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಅವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವವರಲ್ಲ. ಹೊಡೆತ ತಿನ್ನುವವರೇ ಹೆಚ್ಚು. ದುಡುಕಿನ ಬಗ್ಗೆ ಒಂದು ಗಂಟೆ ಮಾತಾಡುವಾಗ ಇದನ್ನು ಮೊದಲೇ ಹೇಳದಿದ್ದರೆ ನೀವು ಮನೆಗೆ ತಪ್ಪು ಚಿತ್ರ ಹೊತ್ತುಕೊಂಡು ಹೋಗುತ್ತೀರಿ.

ಈಗ ಮಿದುಳಿಗೆ ಬರೋಣ. ಈ ಕಾಯಿಲೆಯಲ್ಲಿ ಮಿದುಳಿನ ರಚನೆ ಬೇರೆಯಾಗಿರುತ್ತದೆ ಎಂಬುದಕ್ಕೆ ಮೊದಲ ಚಿತ್ರ ಸಿಕ್ಕಿದ್ದು 1927ರಲ್ಲಿ. ಬೆನ್ನುಹುರಿಯ ದ್ರವ ತೆಗೆದು ಅದರ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವ, ರೋಗಿಗೆ ವಿಪರೀತ ತಲೆನೋವು ತರುತ್ತಿದ್ದ ವಿಧಾನ ಅದು. ಮಿದುಳಿನ ಒಳಗಿನ ದ್ರವದ ಕುಹರಗಳು ಹಿಗ್ಗಿರುವುದು ಆ ಚಿತ್ರಗಳಲ್ಲಿ ಕಂಡಿತ್ತು. ಆ ಇಸವಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1976ರಲ್ಲಿ ಇಂಗ್ಲೆಂಡಿನ ಈವ್ ಜಾನ್‌ಸ್ಟನ್ ಮತ್ತು ಜೊತೆಗಾರರು ಸಿಟಿ ಸ್ಕ್ಯಾನಿನಲ್ಲಿ ಅದನ್ನೇ ಮತ್ತೆ ತೋರಿಸಿದರು. ಆಮೇಲೆ ಎಂಆರ್‌ಐ ಬಂತು.

ಎಂಆರ್‌ಐ ಕಾಲದ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1990ರದ್ದು. 15 ಜೋಡಿ ತದ್ರೂಪಿ ಅವಳಿಗಳು, ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಇಲ್ಲ. 15ರಲ್ಲಿ 14 ಜೋಡಿಗಳಲ್ಲಿ ಕಾಯಿಲೆ ಇದ್ದವರ ಎಡ ಹಿಪ್ಪೋಕ್ಯಾಂಪಸ್, ಅಂದರೆ ನೆನಪಿಗೆ ನೆರವಾಗುವ ಭಾಗ, ಚಿಕ್ಕದಿತ್ತು. ಇದರ ಸೂಕ್ಷ್ಮ ಗಮನಿಸಿ. ಆ 14 ಜನರಲ್ಲಿ ಒಬ್ಬರ ಚಿತ್ರವನ್ನು ಮಾತ್ರ ನಿಮ್ಮ ಕೈಗೆ ಕೊಟ್ಟು ಇದು ಚಿಕ್ಕದೋ ಅಲ್ಲವೋ ಹೇಳಿ ಎಂದರೆ ನಿಮಗೆ ಹೇಳಲಾಗುವುದಿಲ್ಲ. ಪಕ್ಕದಲ್ಲಿ ಅವರದೇ ಅವಳಿಯ ಚಿತ್ರ ಇಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಮನುಷ್ಯರ ಮಿದುಳುಗಳು ಮೂಗಿನ ಹಾಗೆ, ಒಬ್ಬೊಬ್ಬರದು ಒಂದೊಂದು ಅಳತೆ. ಕಾಯಿಲೆ ತರುವ ವ್ಯತ್ಯಾಸ ಆ ಸಹಜ ವೈವಿಧ್ಯದೊಳಗೇ ಅಡಗಿ ಕೂತಿರುತ್ತದೆ.

ಇದಕ್ಕೆ ಅಂಕಿ ಕೊಟ್ಟಿದ್ದು ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ಒಕ್ಕೂಟ. 2016ರಲ್ಲಿ ಅವರು 2,028 ರೋಗಿಗಳ ಮತ್ತು 2,540 ಆರೋಗ್ಯವಂತರ ಸ್ಕ್ಯಾನುಗಳನ್ನು ಒಂದೇ ವಿಧಾನದಲ್ಲಿ ಅಳೆದು ಪ್ರಕಟಿಸಿದರು. ಮಿದುಳಿನ ಆಳದ ಭಾಗಗಳಲ್ಲಿ ಹಿಪ್ಪೋಕ್ಯಾಂಪಸ್, ಭಯ-ಸಿಟ್ಟಿನ ಜೊತೆ ನಂಟಿರುವ ಅಮಿಗ್ಡಲ, ಥಲಾಮಸ್, ಅಕ್ಯುಂಬೆನ್ಸ್ ಚಿಕ್ಕದು. ಪ್ಯಾಲಿಡಮ್ ಮತ್ತು ಪಕ್ಕದ ಕುಹರಗಳು ದೊಡ್ಡದು. 2018ರಲ್ಲಿ 4,474 ರೋಗಿಗಳು, 5,098 ಆರೋಗ್ಯವಂತರು. ಈ ಸಲ ಅಳೆದದ್ದು ಮಿದುಳ ತೊಗಟೆಯ ದಪ್ಪ. ತೊಗಟೆ ಎಲ್ಲ ಕಡೆಯೂ ಸ್ವಲ್ಪ ತೆಳುವಾಗಿತ್ತು, ಹಣೆಯ ಹಿಂದಿನ ಮುಂಹಾಲೆಯಲ್ಲಿ ಮತ್ತು ಕಿವಿಯ ಪಕ್ಕದ ಹಾಲೆಯಲ್ಲಿ ಹೆಚ್ಚು ತೆಳು.

ಎಷ್ಟು ತೆಳು ಎಂದು ಕೇಳಬೇಕು. ತೊಗಟೆಯ ಸರಾಸರಿ ದಪ್ಪವೇ ಸುಮಾರು 2.5 ಮಿಲಿಮೀಟರು, ವ್ಯತ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಎಣಿಸಬೇಕು. ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಈ ಅಂತರ ಸುಮಾರು ಅರ್ಧ ಪ್ರಮಾಣ ವಿಚಲನೆ. ಮನೆಮಾತಿನಲ್ಲಿ ಹೇಳಿದರೆ ಹೀಗೆ: ಒಬ್ಬ ರೋಗಿಯನ್ನೂ ಒಬ್ಬ ಆರೋಗ್ಯವಂತನನ್ನೂ ಕಣ್ಣು ಮುಚ್ಚಿ ಆರಿಸಿದರೆ, ನೂರು ಸಲದಲ್ಲಿ ಸುಮಾರು 64 ಸಲ ರೋಗಿಯ ತೊಗಟೆ ತೆಳುವಾಗಿರುತ್ತದೆ, ಉಳಿದ 36 ಸಲ ಆರೋಗ್ಯವಂತನದೇ ತೆಳು. ಎರಡು ಗುಂಪುಗಳ ವಕ್ರರೇಖೆಗಳನ್ನು ಒಂದರ ಮೇಲೊಂದು ಇಟ್ಟರೆ ನೂರಕ್ಕೆ 80 ಭಾಗ ಕೂಡಿಕೊಳ್ಳುತ್ತದೆ. ಮನೋವೈದ್ಯದ ಅತಿ ದೊಡ್ಡ ಅಧ್ಯಯನಗಳಲ್ಲಿ ಸಿಕ್ಕ, ಅತಿ ಗಟ್ಟಿಯಾದ ವ್ಯತ್ಯಾಸದ ಗಾತ್ರ ಇಷ್ಟು.

ತೆಳುವಾಗಿದೆ ಎಂದರೆ ನರಕೋಶಗಳು ಸತ್ತಿವೆ ಎಂದು ಅನೇಕರು ತಿಳಿಯುತ್ತಾರೆ. ಮನೆಯವರಿಗೆ ಹಾಗೆ ಹೇಳಿ ಹೆದರಿಸುವವರೂ ಇದ್ದಾರೆ. ತೀರಿಕೊಂಡವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರ ಅನುಭವ ಬೇರೆ. ಅಲ್ಝೈಮರ್ ಕಾಯಿಲೆಯಲ್ಲಿ ಕಾಣುವಂಥ ಕೋಶಗಳ ಸಾವು, ಅದರ ಗುರುತಾಗಿ ಉಳಿಯುವ ಗಾಯದ ಕಲೆ, ಇಲ್ಲಿ ಕಾಣುವುದಿಲ್ಲ. ಮುಂಹಾಲೆಯಲ್ಲಿ ನರಕೋಶಗಳು ಇನ್ನೂ ಒತ್ತೊತ್ತಾಗಿ ಕೂತಿರುತ್ತವೆ. ಕಡಿಮೆಯಾಗಿರುವುದು ಅವುಗಳ ನಡುವಿನ ಜಾಲ. ನರಕೋಶದ ಕೊಂಬೆಗಳ ಮೇಲೆ ಮುಳ್ಳಿನ ಹಾಗೆ ಎದ್ದಿರುವ ಸಣ್ಣ ಸಣ್ಣ ಮೊನೆಗಳಿರುತ್ತವೆ, ಇನ್ನೊಂದು ಕೋಶದ ಸಂದೇಶ ಬಂದು ಇಳಿಯುವ ಜಾಗ ಅದು. ಮುಂಹಾಲೆಯ ಮೂರನೇ ಪದರದಲ್ಲಿ ಈ ಮೊನೆಗಳು ಕಡಿಮೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮರ ಬಿದ್ದಿಲ್ಲ, ಎಲೆ ಉದುರಿದೆ ಎನ್ನಿ.

ಹದಿಹರೆಯದಲ್ಲಿ ಎಲ್ಲರ ಮಿದುಳೂ ಬೇಡದ ಸಂಪರ್ಕಗಳನ್ನು ಸವರಿ ಹಾಕುತ್ತದೆ. ಮುಂಹಾಲೆಯಲ್ಲಿ ಈ ಕೆಲಸ ಇಪ್ಪತ್ತರ ವಯಸ್ಸಿನ ಮಧ್ಯದವರೆಗೂ ನಡೆಯುತ್ತದೆ, ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೂ ಆ ವಯಸ್ಸಿನಲ್ಲೇ. ಸವರುವಿಕೆ ಅತಿಯಾದರೆ ಹೀಗಾಗಬಹುದು ಎಂಬ ಊಹೆ 1982ರಿಂದಲೂ ಇದೆ. 2016ರಲ್ಲಿ ಸಿ4 ಎಂಬ ಜೀನಿನ ಕೆಲವು ರೂಪಗಳು ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ, ಅದೇ ಜೀನಿಗೆ ಇಲಿಗಳ ಮಿದುಳಿನಲ್ಲಿ ಸಂಪರ್ಕ ಸವರುವ ಕೆಲಸವೂ ಇದೆ ಎಂದು ತಿಳಿದಾಗ ಊಹೆಗೆ ಬಲ ಬಂತು.

ರಚನೆಯ ಕಥೆ ಇಷ್ಟು ಸಾಕು. ದುಡುಕನ್ನು ಅಳೆಯುವುದು ಹೇಗೆ? ಎರಡು ಬಗೆ. ಒಂದು, ಕೇಳಿ ತಿಳಿಯುವುದು. ಇನ್ನೊಂದು, ಕಂಪ್ಯೂಟರಿನ ಮುಂದೆ ಕೂರಿಸಿ ಮಾಡಿಸಿ ನೋಡುವುದು.

ಕೇಳಿ ತಿಳಿಯುವುದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ಯಾರಟ್ ಮಾಪಕದ 11ನೇ ಆವೃತ್ತಿ. 30 ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 4 ಅಂಕ, ಒಟ್ಟು 30ರಿಂದ 120. ಮೂರು ಉಪಭಾಗ: ಗಮನದ ದುಡುಕು, ಚಲನೆಯ ದುಡುಕು, ಮುಂದಾಲೋಚನೆ ಇಲ್ಲದಿರುವುದು. ಇದರಲ್ಲಿ ಎಡವುವುದು ಎಲ್ಲಿ ಗೊತ್ತೇ? ಮೂರನೇ ಭಾಗದಲ್ಲಿ. ಸ್ಕಿಜೋಫ್ರೀನಿಯಾದಲ್ಲಿ ಉತ್ಸಾಹವೇ ಬತ್ತಿ ಹೋಗುವ ಲಕ್ಷಣ ಇರುತ್ತದೆ. ಬೆಳಗ್ಗೆ ಎದ್ದು ಮುಖ ತೊಳೆಯಲೂ ಮನಸ್ಸು ಬಾರದ ಸ್ಥಿತಿ. ಅಂಥವರನ್ನು ನೀವು ಮುಂದಿನದನ್ನು ಯೋಜಿಸುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ, ಅಂಕ ಏರುತ್ತದೆ, ದುಡುಕಿನವರು ಎಂದು ದಾಖಲಾಗುತ್ತದೆ. ಇಡೀ ದಿನ ಕುರ್ಚಿಯಿಂದ ಏಳದ ಮನುಷ್ಯ ಕಾಗದದ ಮೇಲೆ ದುಡುಕಿನವನು! ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ: ತನಗೆ ಕಾಯಿಲೆ ಇದೆ ಎಂಬ ಅರಿವೇ ಇಲ್ಲದವರು ಎಲ್ಲದಕ್ಕೂ ತಮ್ಮನ್ನು ಸಂಯಮಿಗಳೆಂದು ಬರೆದುಕೊಳ್ಳುತ್ತಾರೆ. ಹಾಗಾಗಿ ಒಟ್ಟು ಅಂಕವನ್ನು ಮಾತ್ರ ಬರೆದಿಟ್ಟ ವರದಿ ಕಂಡರೆ ಮೂರು ಉಪಅಂಕಗಳನ್ನು ಕೇಳಿ ತರಿಸಿಕೊಳ್ಳಿ.

ಮಾಡಿಸಿ ನೋಡುವ ಪರೀಕ್ಷೆಗಳಲ್ಲಿ ಒಂದನ್ನು ಹತ್ತಿರದಿಂದ ತೋರಿಸುತ್ತೇನೆ: ಸ್ಟಾಪ್ ಸಿಗ್ನಲ್ ಪರೀಕ್ಷೆ. ಪರದೆಯ ಮೇಲೆ ಬಾಣ ಬರುತ್ತದೆ. ಎಡಕ್ಕಿದ್ದರೆ ಎಡ ಗುಂಡಿ, ಬಲಕ್ಕಿದ್ದರೆ ಬಲ ಗುಂಡಿ, ಆದಷ್ಟು ಬೇಗ. ನಾಲ್ಕರಲ್ಲಿ ಮೂರು ಸಲ ಇಷ್ಟೇ. ಉಳಿದ ಒಂದು ಸಲ, ಯಾವಾಗ ಎಂದು ಮೊದಲೇ ತಿಳಿಯದಂತೆ, ಬಾಣ ಬಂದ ಸ್ವಲ್ಪ ಹೊತ್ತಿಗೆ ಬೀಪ್ ಎಂದು ಸದ್ದು. ಸದ್ದು ಕೇಳಿದರೆ ಒತ್ತಬಾರದು. ಬಾಣಕ್ಕೂ ಬೀಪಿಗೂ ಅಂತರ 250 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಕೈ ತಡೆದುಕೊಂಡರೆ ಮುಂದಿನ ಬೀಪ್ 300ಕ್ಕೆ, ಅಂದರೆ ಇನ್ನೂ ಕಷ್ಟ. ತಡೆಯಲಾಗದಿದ್ದರೆ 200ಕ್ಕೆ, ಸುಲಭ. ಹೀಗೆ 50-50 ಮಿಲಿಸೆಕೆಂಡು ಏರಿಳಿಸುತ್ತ ಹೋದರೆ ಕೊನೆಗೆ ಅರ್ಧ ಸಲ ತಡೆದು ಅರ್ಧ ಸಲ ಎಡವುವ ಹಂತಕ್ಕೆ ಬಂದು ನಿಲ್ಲುತ್ತದೆ. ಆಗ ಲೆಕ್ಕ ಸರಳ. ಸರಾಸರಿ ಒತ್ತುವ ಸಮಯ 480, ಸರಾಸರಿ ಬೀಪಿನ ಅಂತರ 260 ಆದರೆ, ಕಳೆದಾಗ ಬರುವ 220 ಮಿಲಿಸೆಕೆಂಡು ಆ ವ್ಯಕ್ತಿ ತನ್ನನ್ನು ತಡೆದುಕೊಳ್ಳಲು ತೆಗೆದುಕೊಂಡ ಸಮಯ. ಆರೋಗ್ಯವಂತ ಯುವಕರಲ್ಲಿ ಇದು ಸಾಮಾನ್ಯವಾಗಿ 200ರಿಂದ 250ರ ನಡುವೆ ಇರುತ್ತದೆ.

ಈ ಲೆಕ್ಕ ಯಾಕೆ ಕೆಡುತ್ತದೆ? ಒಂದು, ಬೀಪ್ ಬರಬಹುದು ಎಂದು ಕಾಯುತ್ತ ಕೂರುವುದು. ಹಾಗೆ ಕಾದರೆ ಒತ್ತುವ ಸಮಯ ಉದ್ದವಾಗುತ್ತ ಹೋಗಿ ಲೆಕ್ಕಕ್ಕೆ ಅರ್ಥವಿರುವುದಿಲ್ಲ, ಆದ್ದರಿಂದ ಕಾಯಬೇಡಿ, ಅರ್ಧ ಸಲ ತಪ್ಪುವುದು ಸಹಜ ಎಂದು ಮೊದಲೇ ಹೇಳಬೇಕು. ಎರಡು, ಸ್ಕಿಜೋಫ್ರೀನಿಯಾ ಇರುವವರ ಒತ್ತುವ ಸಮಯ ಒಮ್ಮೆ 400 ಇದ್ದರೆ ಇನ್ನೊಮ್ಮೆ 900. ಇಷ್ಟು ಚೆದುರಿದ್ದರೆ ಸರಾಸರಿಗಳನ್ನು ಕಳೆಯುವ ಸುಲಭ ವಿಧಾನ ತಪ್ಪು ಉತ್ತರ ಕೊಡುತ್ತದೆ. ಮೂರನೆಯದೇ ಬಹಳ ಮುಖ್ಯವಾದದ್ದು. ಬೀಪ್ ಬಾರಿಸಿತು, ಆದರೆ ಆ ಕ್ಷಣ ಗಮನ ಎಲ್ಲೋ ಇತ್ತು, ತಡೆಯುವ ಕೆಲಸ ಶುರುವೇ ಆಗಲಿಲ್ಲ. ಇಂಥವರ ಬ್ರೇಕು ಕೆಟ್ಟಿಲ್ಲ, ಕಾಲು ಬ್ರೇಕಿನ ಮೇಲೆ ಹೋಗಲೇ ಇಲ್ಲ. 2017ರಲ್ಲಿ ಒಂದು ತಂಡ ಸ್ಕಿಜೋಫ್ರೀನಿಯಾ ಇರುವವರ ಉತ್ತರಗಳನ್ನು ಈ ಎರಡನ್ನೂ ಬೇರ್ಪಡಿಸುವ ಲೆಕ್ಕಕ್ಕೆ ಹಾಕಿದಾಗ, ತೊಂದರೆಯ ಮುಖ್ಯ ಪಾಲು ಹೀಗೆ ಶುರುವೇ ಆಗದಿರುವುದರಲ್ಲಿ ಕಂಡಿತು. ನಾನು ಮೊದಲು ಹೇಳಿದ ರಸ್ತೆ ದಾಟುವವನನ್ನು ನೆನಪಿಸಿಕೊಳ್ಳಿ. ಅವನಿಗೆ ನಿಧಾನಿಸು ಎಂದು ನೂರು ಸಲ ಹೇಳಿ ಪ್ರಯೋಜನವಿಲ್ಲ. ಪಾದಚಾರಿ ದಾರಿಯ ಅಂಚಿನಲ್ಲಿ ನಿಂತು, ಬಾಯಿಬಿಟ್ಟು ಬಲ, ಎಡ, ಬಲ ಎಂದು ಹೇಳಿಕೊಂಡೇ ಇಳಿಯುವ ಅಭ್ಯಾಸ ಮಾಡಿಸಿದರೆ ಉಪಯೋಗ, ಏಕೆಂದರೆ ಅದು ಗಮನವನ್ನು ಎಳೆದು ತಂದು ಕೂರಿಸುತ್ತದೆ.

ಇನ್ನೊಂದು ಪರೀಕ್ಷೆ ತಡಕ್ಕೆ ಕೊಡುವ ಬೆಲೆಯದು. ಈಗಲೇ 500 ಬೇಕೋ, ತಿಂಗಳ ನಂತರ 1,000 ಬೇಕೋ ಎಂಬಂಥ ಪ್ರಶ್ನೆಗಳು. ಉತ್ತರಗಳಿಂದ ಕೆ ಎಂಬ ಒಂದು ಸಂಖ್ಯೆ ತೆಗೆಯುತ್ತಾರೆ. ಮುಂದೆ ಸಿಗುವ ಮೊತ್ತವನ್ನು, ಒಂದಕ್ಕೆ ಕೆ ಗುಣಿಸು ದಿನಗಳನ್ನು ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಇವತ್ತಿನ ಬೆಲೆ ಸಿಗುತ್ತದೆ. ಕೆ 0.01 ಇದ್ದವರಿಗೆ 30 ದಿನ ಆಚೆಯ ಸಾವಿರ ಇವತ್ತಿನ 769ಕ್ಕೆ ಸಮ. ಕೆ 0.1 ಇದ್ದವರಿಗೆ ಅದೇ ಸಾವಿರ ಬರೀ 250. ಎರಡನೆಯವಳ ಕೈಯಲ್ಲಿ ಹಣ ನಿಲ್ಲದಿರುವುದಕ್ಕೆ ಕಾರಣ ಇಲ್ಲಿದೆ. ಅವಳು ಆ ಕ್ಷಣ ತನ್ನನ್ನು ತಡೆದುಕೊಳ್ಳಲಾಗದೆ ಖರ್ಚು ಮಾಡುತ್ತಿಲ್ಲ, ಅವಳ ಪಾಲಿಗೆ ಮುಂದಿನ ವಾರ ಎಂಬುದು ಮಸುಕು. ತಿಂಗಳ ಮೊತ್ತವನ್ನು ವಾರಕ್ಕೆ ಎರಡು ಸಲದಂತೆ ಒಡೆದು ಕೊಟ್ಟರೆ ತಡದ ದಿನಗಳೇ ಕಡಿಮೆಯಾಗುತ್ತವೆ. ಬುದ್ಧಿವಾದಕ್ಕಿಂತ ಈ ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ. ಅವಳ ಒಪ್ಪಿಗೆ ಪಡೆದು ಮಾಡಿ, ಇಲ್ಲವಾದರೆ ಅದು ಶಿಕ್ಷೆಯಾಗಿ ಕಾಣುತ್ತದೆ.

ಈ ಬೇರೆ ಬೇರೆ ಕೆಲಸಗಳು ಮಿದುಳಿನಲ್ಲಿ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತವೆ. ಶುರುವಾದ ಚಲನೆಯನ್ನು ತಡೆಯುವ ದಾರಿ ಬಲ ಮುಂಹಾಲೆಯ ಕೆಳ ಮಡಿಕೆಯಿಂದ ಹೊರಟು ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಕಾಳಿನಷ್ಟು ಗಾತ್ರದ ಗುಂಪಿಗೆ ಹೋಗುತ್ತದೆ. ಈಗಿನ ಲಾಭವನ್ನೂ ಮುಂದಿನ ಲಾಭವನ್ನೂ ತೂಗುವ ದಾರಿಯಲ್ಲಿ ಆರ್ಬಿಟೋಫ್ರಾಂಟಲ್ ತೊಗಟೆ, ಅಂದರೆ ಕಣ್ಣುಗುಳಿಗಳ ಮೇಲ್ಛಾವಣಿಯ ಮೇಲೆ ಕೂತಿರುವ ಭಾಗ, ಮತ್ತು ಡೋಪಮೀನ್ ಎಂಬ ರಾಸಾಯನಿಕ ಸಂದೇಶ ಬಂದು ಇಳಿಯುವ, ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ಮಿನ ಕೆಳಭಾಗ ಇವೆ. ಸಿಟ್ಟು, ಭಯ ಬಂದಾಗ ಕೈ ಮುಂದಾಗದಂತೆ ನೋಡಿಕೊಳ್ಳುವ ದಾರಿಯಲ್ಲಿ ಅದೇ ಆರ್ಬಿಟೋಫ್ರಾಂಟಲ್ ಭಾಗ ಅಮಿಗ್ಡಲದ ಜೊತೆ ಮಾತಾಡುತ್ತದೆ. ಕಿವಿಯ ಪಕ್ಕದ ಹಾಲೆಯ ಮುಂತುದಿಯನ್ನೂ ಈ ಭಾಗವನ್ನೂ ಜೋಡಿಸುವ, ಕೊಕ್ಕೆಯಂತೆ ಬಾಗಿದ ಅನ್ಸಿನೇಟ್ ಎಂಬ ನರತಂತುಗಳ ಕಟ್ಟು ಇದೆ.

ಸ್ಕಿಜೋಫ್ರೀನಿಯಾದಲ್ಲಿ ಇವನ್ನು ಅಳೆದಾಗ ಏನು ಸಿಕ್ಕಿತು? 2002ರಲ್ಲಿ ಬರೀ 14 ಪುರುಷ ರೋಗಿಗಳ ಮೇಲೆ ನಡೆದ ಆರಂಭಿಕ ಅಧ್ಯಯನದಲ್ಲಿ, ಬಲ ಮುಂಹಾಲೆಯ ಕೆಳಭಾಗದ ಬಿಳಿ ದ್ರವ್ಯದ, ಅಂದರೆ ಮಿದುಳಿನ ಭಾಗಗಳನ್ನು ಬೆಸೆಯುವ ನರತಂತುಗಳ, ಜೋಡಣೆ ಸಡಿಲವಿದ್ದವರಲ್ಲಿ ಚಲನೆಯ ದುಡುಕಿನ ಅಂಕ ಹೆಚ್ಚಿತ್ತು. ಇದು ನಿರೀಕ್ಷೆಯಂತೆಯೇ ಇತ್ತು. 2005ರಲ್ಲಿ ಬಂದ ಇನ್ನೊಂದು ಅಧ್ಯಯನ ತಲೆ ಕೆರೆದುಕೊಳ್ಳುವಂತೆ ಮಾಡಿತು: ದೀರ್ಘಕಾಲದ ರೋಗಿಗಳಲ್ಲಿ ಆರ್ಬಿಟೋಫ್ರಾಂಟಲ್ ಭಾಗ ದೊಡ್ಡದಿದ್ದವರಲ್ಲೇ ಆಕ್ರಮಣಶೀಲತೆ ಹೆಚ್ಚು. ಚಿಕ್ಕದಾದರೆ ಕೆಟ್ಟದ್ದು ಎಂಬ ಸರಳ ಸೂತ್ರ ಅಲ್ಲಿಗೆ ಮುರಿಯಿತು. 2014ರ ಅಧ್ಯಯನ ಪ್ರಶ್ನೆಯನ್ನೇ ಬದಲಿಸಿತು. ಒಟ್ಟು ದುಡುಕನ್ನು ಬಿಟ್ಟು, ಮನಸ್ಸು ಕೆಟ್ಟಾಗ ಅಥವಾ ಸಿಟ್ಟು ಬಂದಾಗ ಮಾತ್ರ ಹೊರಬರುವ ದುಡುಕನ್ನು ಬೇರೆಯಾಗಿ ಅಳೆಯಿತು. ಸ್ಕಿಜೋಫ್ರೀನಿಯಾ ಇರುವವರಲ್ಲಿ ಈ ಭಾವದ ದುಡುಕು ಹೆಚ್ಚಿತ್ತು, ಅದು ಹೆಚ್ಚಿದಷ್ಟೂ ಮುಂಹಾಲೆಯ ಕೆಳಭಾಗದ ತೊಗಟೆ ತೆಳುವಾಗಿತ್ತು. ನನ್ನ ಮೂರನೆಯವನು, ಲೋಟ ಎಸೆದವನು, ಈ ಗುಂಪಿನವನು. ನನ್ನ ಅಭಿಪ್ರಾಯದಲ್ಲಿ ಮೂರರಲ್ಲಿ ನಾವು ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ, ಯಾಕೆಂದರೆ ಜಗಳಕ್ಕೂ ಆತ್ಮಹತ್ಯೆಯ ಪ್ರಯತ್ನಕ್ಕೂ ಇದರ ನಂಟು ಹತ್ತಿರದ್ದು.

ಇಷ್ಟು ಹೇಳಿ, ಈ ಅಧ್ಯಯನಗಳನ್ನು ಅನುಮಾನಿಸುವುದು ಹೇಗೆ ಎಂದೂ ಹೇಳಬೇಕು. ಎಂಆರ್‌ಐ ಯಂತ್ರದೊಳಗೆ ತಲೆ ಅಲುಗಿದರೆ ಚಿತ್ರ ಸ್ವಲ್ಪ ಕಲಸಿಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಕಲಸಿದರೂ ತಂತ್ರಾಂಶ ತೊಗಟೆಯನ್ನು ಇರುವುದಕ್ಕಿಂತ ತೆಳುವಾಗಿ ಅಳೆಯುತ್ತದೆ; ಇದು ಪ್ರಯೋಗದಿಂದ ಸಿದ್ಧವಾಗಿದೆ. ಯಂತ್ರದೊಳಗೆ ಹೆಚ್ಚು ಅಲುಗುವವರು ಯಾರು? ದುಡುಕಿನವರು, ಚಡಪಡಿಸುವವರು. ಅಂದರೆ ಮಿದುಳಿನಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ದರೂ ದುಡುಕಿಗೂ ತೆಳು ತೊಗಟೆಗೂ ಸಂಬಂಧ ಇರುವಂತೆ ಕಾಗದದ ಮೇಲೆ ಕಂಡುಬಿಡಬಹುದು. ಆರ್ಬಿಟೋಫ್ರಾಂಟಲ್ ಭಾಗಕ್ಕೆ ಇನ್ನೊಂದು ಶಾಪ: ಅದರ ಕೆಳಗೇ ಗಾಳಿ ತುಂಬಿದ ಮೂಳೆಯ ಗೂಡುಗಳಿವೆ. ಗಾಳಿ ಮತ್ತು ಅಂಗಾಂಶ ಸೇರುವಲ್ಲಿ ಕಾಂತಕ್ಷೇತ್ರ ಕೆಡುತ್ತದೆ, ಮಿದುಳಿನ ಚಟುವಟಿಕೆ ನೋಡುವ ಸ್ಕ್ಯಾನಿನಲ್ಲಿ ನಮಗೆ ಬೇಕಾದ ಜಾಗವೇ ಕಪ್ಪಾಗಿ ಮಾಯವಾಗುತ್ತದೆ.

ಔಷಧದ ಪ್ರಶ್ನೆಯೂ ಇದೆ. 2005ರಲ್ಲಿ ಮಕಾಕ್ ಮಂಗಗಳಿಗೆ 17ರಿಂದ 27 ತಿಂಗಳು ಹ್ಯಾಲೋಪೆರಿಡಾಲ್ ಅಥವಾ ಓಲಾಂಜಪಿನ್, ಅಂದರೆ ಈ ಕಾಯಿಲೆಗೆ ಕೊಡುವ ಆಂಟಿಸೈಕೋಟಿಕ್ ಔಷಧ, ಕೊಟ್ಟಾಗ ಮಿದುಳಿನ ತೂಕ ನೂರಕ್ಕೆ 8ರಿಂದ 11ರಷ್ಟು ಕಡಿಮೆಯಾಗಿತ್ತು. ಇದನ್ನು ಕೇಳಿ ನಾಳೆಯೇ ಮಾತ್ರೆ ನಿಲ್ಲಿಸಬೇಡಿ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, 1927. ಮೊದಲ ಆಂಟಿಸೈಕೋಟಿಕ್ ಔಷಧ ಕ್ಲೋರ್‌ಪ್ರೊಮಝಿನ್ ಮನೋವೈದ್ಯಕ್ಕೆ ಬಂದದ್ದು 1952ರಲ್ಲಿ. ಅದಕ್ಕೂ 25 ವರ್ಷ ಮೊದಲೇ ಕುಹರಗಳು ಹಿಗ್ಗಿದ್ದು ಕಂಡಿತ್ತು. ಔಷಧದ ಪಾಲು ಸ್ವಲ್ಪ ಇದ್ದರೂ ಎಲ್ಲವೂ ಔಷಧದ್ದಲ್ಲ. ಮಾತ್ರೆ ದಿಢೀರನೆ ನಿಲ್ಲಿಸಿದಾಗ ಕಾಯಿಲೆ ಮರುಕಳಿಸುವುದು ಮಾತ್ರ ಖಚಿತವಾಗಿ ಕಾಣುವ ಅಪಾಯ. ಜೊತೆಗೆ ಮದ್ಯ, ಗಾಂಜಾ, ತಂಬಾಕು. ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, 1990ರಲ್ಲಿ ಪ್ರಕಟವಾದದ್ದು, ಸ್ಕಿಜೋಫ್ರೀನಿಯಾ ಇದ್ದವರಲ್ಲಿ ನೂರಕ್ಕೆ 47 ಜನರಿಗೆ ಜೀವನದ ಯಾವುದೋ ಹಂತದಲ್ಲಿ ಮಾದಕ ವಸ್ತು ಅಥವಾ ಮದ್ಯದ ತೊಂದರೆ ಇತ್ತು. ಮದ್ಯ ತೊಗಟೆಯನ್ನೂ ಕುಗ್ಗಿಸುತ್ತದೆ, ದುಡುಕನ್ನೂ ಹೆಚ್ಚಿಸುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಧ್ಯಯನ ಏನನ್ನು ಅಳೆಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಈಗ ಕೆಲಸದ ಮಾತು. ದುಡುಕಿನಂತೆ ಕಂಡು ದುಡುಕಲ್ಲದ ಕೆಲವನ್ನು ಮೊದಲು ಬದಿಗೆ ತೆಗೆಯಬೇಕು.

ಮೊದಲನೆಯದು ಅಕಥೀಸಿಯಾ. ಔಷಧ ಶುರು ಮಾಡಿದ ಅಥವಾ ಡೋಸ್ ಏರಿಸಿದ ಕೆಲವು ದಿನ, ಕೆಲವು ವಾರಗಳಲ್ಲಿ ಬರುವ ಒಳಗಿನ ಚಡಪಡಿಕೆ. ಕೂತಲ್ಲಿ ಕೂರಲಾಗದು, ನಿಂತಲ್ಲಿ ಕಾಲು ಬದಲಿಸುತ್ತಲೇ ಇರಬೇಕು, ಚರ್ಮದೊಳಗಿಂದ ಎದ್ದು ಓಡಬೇಕು ಅನ್ನಿಸುತ್ತದೆ. ಹೊರಗಿನವರಿಗೆ ಇದು ಉದ್ರೇಕ, ದುಡುಕು. ಉದ್ರೇಕ ಎಂದು ತಿಳಿದು ಅದೇ ಔಷಧದ ಡೋಸ್ ಏರಿಸಿದರೆ ಚಡಪಡಿಕೆ ಇನ್ನೂ ಏರುತ್ತದೆ. ಈ ತಪ್ಪು ಆಗಾಗ ಆಗುತ್ತದೆ, ಇದರಿಂದ ಆತ್ಮಹತ್ಯೆಯ ಯೋಚನೆ ಬಂದವರೂ ಇದ್ದಾರೆ. ನೋಡುವ ಕ್ರಮ 1989ರ ಬಾರ್ನ್ಸ್ ಮಾಪಕದಲ್ಲಿ ಇದೆ: ಕೂರಿಸಿ ಕನಿಷ್ಠ ಎರಡು ನಿಮಿಷ, ನಿಲ್ಲಿಸಿ ಕನಿಷ್ಠ ಎರಡು ನಿಮಿಷ, ಯಾವುದೋ ಸಾಮಾನ್ಯ ಮಾತಾಡುತ್ತ ಕಾಲುಗಳನ್ನು ಗಮನಿಸಿ. ಆಮೇಲೆ, ಒಳಗೆ ಹೇಗನ್ನಿಸುತ್ತದೆ ಎಂದು ನೇರವಾಗಿ ಕೇಳಿ. ಅಕಥೀಸಿಯಾ ಎಂದಾದರೆ ವೈದ್ಯರು ಡೋಸ್ ಇಳಿಸುತ್ತಾರೆ, ಔಷಧ ಬದಲಿಸುತ್ತಾರೆ ಅಥವಾ ಪ್ರೊಪ್ರನೊಲಾಲ್ ಸೇರಿಸುತ್ತಾರೆ; ಅಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಆಗದು, ಅದನ್ನು ಮುಂಚೆಯೇ ಹೇಳಿ.

ಎರಡನೆಯದು ಆಜ್ಞಾಪಿಸುವ ದನಿಗಳು. ಹೊರಟುಹೋಗು ಎಂದು ಕಿವಿಯಲ್ಲಿ ದನಿ ಹೇಳಿತು, ಹೋದರು. ನೋಡಿದವರಿಗೆ ಕಾರಣವಿಲ್ಲದೆ ಎದ್ದು ಹೋದಂತೆ ಕಾಣುತ್ತದೆ, ಆದರೆ ಅವರು ಗಂಟೆಗಟ್ಟಲೆ ಆ ದನಿಯ ಜೊತೆ ಸೆಣಸಿ ಸೋತಿರಬಹುದು. ಆಮೇಲೆ ಅರಿಪಿಪ್ರಜೋಲ್. ಡೋಪಮೀನ್ ಗ್ರಾಹಕವನ್ನು ಪೂರ್ತಿ ಮುಚ್ಚದೆ ಅರೆಬರೆ ಚಾಲೂ ಇಡುವ ಔಷಧ ಅದು. ಜೂಜು, ಅತಿಯಾದ ಖರೀದಿ, ತಿನ್ನುವುದು, ಲೈಂಗಿಕ ವರ್ತನೆ ಇವುಗಳ ತಡೆಯಲಾಗದ ತುಡಿತ ಇದರಿಂದ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಮೇ ತಿಂಗಳಲ್ಲಿ ಎಚ್ಚರಿಸಿತು. ಅಪರೂಪ, ಡೋಸ್ ಇಳಿಸಿದರೆ ಅಥವಾ ನಿಲ್ಲಿಸಿದರೆ ಹೋಗುತ್ತದೆ, ಆದರೆ ಯಾರೂ ಕೇಳದಿದ್ದರೆ ರೋಗಿ ನಾಚಿಕೆಯಿಂದ ಹೇಳುವುದಿಲ್ಲ. ನಿದ್ದೆಗೆಂದು ಕೊಡುವ ಬೆಂಜೊಡಯಾಜಪೀನ್ ಕೂಡ ಕೆಲವರಲ್ಲಿ ಕಡಿವಾಣ ಸಡಿಲಿಸುತ್ತದೆ.

ಇವನ್ನೆಲ್ಲ ಬೇರ್ಪಡಿಸುವುದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಮನೆಯವರು ದುಡುಕಿದ ಎಂದು ಬರೆಯುವ ಬದಲು ಆದದ್ದನ್ನು ಬರೆಯಲಿ. ಗಂಟೆ ಎಷ್ಟು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಕೊನೆಯ ಮಾತ್ರೆ ಯಾವಾಗ, ಹಿಂದಿನ ಹತ್ತು ನಿಮಿಷದಲ್ಲಿ ಯಾರು ಏನು ಹೇಳಿದರು, ಕುಡಿದಿದ್ದರೇ, ಕಾಲು ಕುಣಿಯುತ್ತಿತ್ತೇ, ಆಮೇಲೆ ಪಶ್ಚಾತ್ತಾಪ ಪಟ್ಟರೇ, ಅಥವಾ ಮಾಡಿದ್ದು ಸರಿ ಎಂದರೇ. ಕೊನೆಯದಕ್ಕೆ ತೂಕ ಹೆಚ್ಚು. ಭಾವದ ದುಡುಕಿನವರು ಅರ್ಧ ಗಂಟೆಯಲ್ಲಿ ಕುಗ್ಗಿಹೋಗುತ್ತಾರೆ. ಭ್ರಾಂತಿಯಿಂದ ಮಾಡಿದವರಿಗೆ ಅದು ತಪ್ಪೆಂದೇ ಅನ್ನಿಸಿರುವುದಿಲ್ಲ. ಭಾವದ ದುಡುಕಿನವರಿಗೆ ಸಿಟ್ಟಿನ ಮೊದಲ ಗುರುತುಗಳನ್ನು ಹಿಡಿಯುವ ಅಭ್ಯಾಸ, ಸಿಟ್ಟು ಬಂದರೆ ಜಾಗ ಬಿಟ್ಟು ಹೊರಡುತ್ತೇನೆ ಎಂದು ಮುಂಚೆಯೇ ಮಾಡಿಕೊಂಡ ಒಪ್ಪಂದ ನೆರವಾಗುತ್ತದೆ. ಭ್ರಾಂತಿಯವರಿಗೆ ಕಾಯಿಲೆಯ ಚಿಕಿತ್ಸೆಯನ್ನೇ ಬಲಪಡಿಸಬೇಕು. ಹತ್ತು ಘಟನೆಗಳು ದಾಖಲಾದರೆ ಸಾಮಾನ್ಯವಾಗಿ ನಮೂನೆ ಕಾಣುತ್ತದೆ.

ಆತ್ಮಹತ್ಯೆಯ ವಿಷಯ ಬಿಡುವಂತಿಲ್ಲ. ಸ್ಕಿಜೋಫ್ರೀನಿಯಾ ಇರುವವರಲ್ಲಿ ನೂರಕ್ಕೆ ಸುಮಾರು 5 ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. ಯೋಚನೆಗೂ ಕೃತ್ಯಕ್ಕೂ ನಡುವಿನ ಹೊತ್ತು ಕೆಲವರಲ್ಲಿ ನಿಮಿಷಗಳಷ್ಟೇ ಇರುತ್ತದೆ. ಆದ್ದರಿಂದ ಒಂದು ವಾರಕ್ಕಿಂತ ಹೆಚ್ಚಿನ ಮಾತ್ರೆ ಮನೆಯಲ್ಲಿ ಕೈಗೆ ಸಿಗುವಂತೆ ಇರಬಾರದು, ಕೀಟನಾಶಕ ಮನೆಯೊಳಗೆ ಇರಲೇಬಾರದು. ತಡೆ ಇರುವುದು ಅವರ ಮಿದುಳಿನಲ್ಲೇ ಆಗಬೇಕೆಂದಿಲ್ಲ, ಬೀಗದಲ್ಲೂ ಇರಬಹುದು. ಔಷಧಗಳಲ್ಲಿ ಕ್ಲೋಝಪಿನ್‌ಗೆ ವಿಶೇಷ ಸ್ಥಾನ. 980 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓಲಾಂಜಪಿನ್ ತೆಗೆದುಕೊಂಡವರಿಗಿಂತ ಕ್ಲೋಝಪಿನ್ ತೆಗೆದುಕೊಂಡವರಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ಘಟನೆಗಳ ಅಪಾಯ ಸುಮಾರು ಕಾಲುಭಾಗ ಕಡಿಮೆ ಇತ್ತು. ಆಕ್ರಮಣಶೀಲತೆಯನ್ನೂ ಅದು ಉಳಿದವುಗಳಿಗಿಂತ ಚೆನ್ನಾಗಿ ತಗ್ಗಿಸುತ್ತದೆ. ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ ರಕ್ತಪರೀಕ್ಷೆ ಬೇಕು. ಜ್ವರ, ಗಂಟಲು ನೋವು ಬಂದರೆ ಕಾಯಬಾರದು, ಅದೇ ದಿನ ರಕ್ತಪರೀಕ್ಷೆ. ಮಲಬದ್ಧತೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ, ಕ್ಲೋಝಪಿನ್‌ನಲ್ಲಿ ಅದು ಪ್ರಾಣಕ್ಕೇ ಕುತ್ತು ತರಬಹುದು.

ಕೊನೆಗೆ ಬಂದ ಪ್ರಶ್ನೆ, ನಾನು ನಿರೀಕ್ಷಿಸಿದ್ದೇ: ಹಾಗಾದರೆ ಒಂದು ಎಂಆರ್‌ಐ ಮಾಡಿಸಿದರೆ ನಮ್ಮ ಹುಡುಗ ಮುಂದೆ ದುಡುಕುತ್ತಾನೋ ಇಲ್ಲವೋ ಗೊತ್ತಾಗುವುದೇ? ಇಲ್ಲ. ನೂರಕ್ಕೆ 80 ಭಾಗ ಕೂಡಿಕೊಳ್ಳುವ ಎರಡು ವಕ್ರರೇಖೆಗಳಿಂದ ಒಬ್ಬನ ಭವಿಷ್ಯ ಹೇಳಲಾಗದು. ಮಿದುಳಿನ ಅಳತೆಗೂ ವರ್ತನೆಗೂ ಇರುವ ಸಂಬಂಧಗಳು ಎಷ್ಟು ಸಣ್ಣವೆಂದರೆ ಅವನ್ನು ನಂಬಿಕೆಯಿಂದ ಹಿಡಿಯಲು ಸಾವಿರಾರು ಜನರ ಸ್ಕ್ಯಾನ್ ಬೇಕು ಎಂದು 2022ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿದೆ. ಸ್ಕ್ಯಾನ್ ಬೇಕಾಗುವುದು ಬೇರೆ ಕಾರಣಕ್ಕೆ. ಫಿಟ್ಸ್ ಬಂದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಜ್ವರದ ಜೊತೆ ಗೊಂದಲ ಶುರುವಾಗಿದ್ದರೆ, ಒಂದು ಕೈ ಅಥವಾ ಕಾಲು ಸೋತಿದ್ದರೆ, ಅಥವಾ ಐವತ್ತರ ಸುಮಾರಿಗೆ ಇದ್ದಕ್ಕಿದ್ದಂತೆ ಸಂಕೋಚವೆಲ್ಲ ಬಿಟ್ಟು ವರ್ತಿಸತೊಡಗಿದರೆ ಸ್ಕ್ಯಾನ್ ಮಾಡಿಸಲೇಬೇಕು. ಅಲ್ಲಿ ಗೆಡ್ಡೆ, ಮಿದುಳಿನ ಉರಿಯೂತ, ಮುಂಹಾಲೆಯ ಡಿಮೆನ್ಷಿಯಾ ಇರಬಹುದು. ವರದಿಯಲ್ಲಿ ಮುಂಹಾಲೆ ಅಲ್ಪ ಪ್ರಮಾಣದಲ್ಲಿ ಕುಗ್ಗಿದೆ ಎಂಬ ಒಂದು ಸಾಲು ಮಾತ್ರ ಬಂದಿದ್ದರೆ, ಅದನ್ನು ಹಿಡಿದುಕೊಂಡು ಇನ್ನೊಂದು ಸ್ಕ್ಯಾನಿಗೆ ಓಡಬೇಡಿ. ಫೈಲಿನಲ್ಲಿಡಿ, ಮುಂದಿನ ಭೇಟಿಗೆ ಹೋಗುವಾಗ ಮೇಜಿನ ಮೇಲೆ ಮೊದಲು ಆ ನೋಟ್‌ಬುಕ್ ಇಡಿ.